ಕೊಳದ ಅಂಚು

"ಗುರುಗಳೇ, ಮಗಳಿಗೆ ನಾನು ಏನು ಕಡಿಮೆ ಮಾಡಿದ್ದೆ?" ಎಂದು ಶಿಷ್ಯ ಕರಿವೀರಪ್ಪ ಕೇಳಿದ. "ಗಂಡನ ಮನೆಯಲ್ಲಿ ಬಾಳಲಾಗದೆ ಹೊರಬಿದ್ದವಳು ನಮ್ಮ ಬೀದಿಯ ತುದಿಯವರೆಗೆ ಬಂದು ಹಿಂತಿರುಗಿದಳಂತೆ. ಕಂಡವರು ಆಮೇಲೆ ಹೇಳಿದರು. ಯಾರದೋ ಊರಿನಲ್ಲಿ, ಯಾರದೋ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ನನ್ನದು ಮರ್ಯಾದಸ್ಥರ ಮನೆ. ಇವತ್ತಿಗೂ ಊರಿನಲ್ಲಿ ಯಾರೊಬ್ಬರೂ ಅದರ ಕಡೆ ಬೆರಳು ಮಾಡುವಂತಿಲ್ಲ. ಅಂಥ ಮನೆ ಇದ್ದೂ ಅವಳೇಕೆ ಒಳಗೆ ಬರಲಿಲ್ಲ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಜವಳಿಯವನ ಕಣ್ಣು ಮೊದಲು ಹೋಗುವುದು ಅಂಚಿಗೆ. ಇವನಂತೂ ಮದುವೆಗೆ ಹೋದರೆ ಹುಡುಗಿಯ ಮುಖ ನೋಡುವ ಮೊದಲು ಅವಳ ಸೀರೆಯ ಅಂಚು ನೋಡಿ, ಇದು ಯಾವ ಮಗ್ಗದ್ದು ಎಂದು ಯೋಚಿಸುತ್ತಿದ್ದ. ಕೆಟ್ಟವನೇನಲ್ಲ. ಹೆಂಡತಿ ಎಂದರೆ ಅವನಿಗೆ ಪ್ರಾಣ. ಅವಳು ಕೆರೆಯ ಪಕ್ಕದ ಊರಿನಲ್ಲಿ ಬೆಳೆದವಳು. ಪೇಟೆಯ ಮನೆಯಲ್ಲಿ ನೀರು ಕಾಣದೆ ಅವಳ ಮನಸ್ಸು ನಿಲ್ಲುತ್ತಿರಲಿಲ್ಲ. ಮಕ್ಕಳೂ ಇರಲಿಲ್ಲ. ಅವಳಿಗಾಗಿ ಹಿತ್ತಲಿನಲ್ಲಿ ತಾನೇ ಗುದ್ದಲಿ ಹಿಡಿದು ಒಂದು ಪುಟ್ಟ ಕೊಳ ತೋಡಿದ. ಗಾರೆ ಬಳಿದು ನೀರು ತುಂಬಿಸಿದ.

ಉಳಿದದ್ದು ಅಂಚು. ಮೊದಲು ಇಟ್ಟಿಗೆ ಜೋಡಿಸಿದ. ಪಾಚಿ ಹಿಡಿದು ಕಪ್ಪಾಯಿತು, ಕಿತ್ತು ಹಾಕಿದ. ಹೊಳೆಯ ಗುಂಡುಗಲ್ಲು ತಂದ. ಒಂದು ದೊಡ್ಡದು, ಒಂದು ಚಿಕ್ಕದು, ಸಾಲು ನೆಟ್ಟಗಾಗಲಿಲ್ಲ, ಅದನ್ನೂ ತೆಗೆದ. ಗರಿಕೆ ಹುಲ್ಲನ್ನು ಮಣ್ಣಿನ ಸಮೇತ ತಂದು ಕೂರಿಸಿದ. ಅದು ನೀರಿಗೆ ಇಳಿಬಿದ್ದು ನೂಲು ಬಿಟ್ಟ ಸೆರಗಿನ ಹಾಗೆ ಕಂಡಿತು. ಕೊನೆಗೆ ಉಜ್ಜಿ ಮಿರಿಮಿರಿ ಮಿಂಚುವ ಕಪ್ಪು ಚಪ್ಪಡಿಗಳನ್ನು ತರಿಸಿದ. ಒಳಗಿನ ಗಾರೆ ಕಾಣಬಾರದೆಂದು ಅವನ್ನು ನೀರಿನ ಮೇಲೆ ನಾಲ್ಕು ಬೆರಳು ಚಾಚಿ ಸುತ್ತಲೂ ಕೂರಿಸತೊಡಗಿದ.

"ಒಂದು ಮೂಲೇಲಾದ್ರೂ ಆ ಹುಲ್ಲು ಇರಲಿ ಬಿಡಿ. ಇಳಿಯೋಕೆ, ಹತ್ತೋಕೆ ಆಗುತ್ತೆ," ಎಂದಳು ಹೆಂಡತಿ.

"ಒಂದು ಕಡೆ ಎಳೆ ಬಿಟ್ಟಿದ್ದನ್ನ ಯಾರಾದ್ರೂ ಅಂಚು ಅಂತಾರೇನೇ?" ಎಂದು ಅವನು ನಕ್ಕ. ಅವಳೂ ನಕ್ಕಳು. ಕೊಳ ನೋಡಿದವರೆಲ್ಲ ಹೊಗಳಿದರು.

ಆ ವರ್ಷ ಅವಳು ತವರಿನಿಂದ ಬಾತುಕೋಳಿಯ ಮೊಟ್ಟೆ ತಂದು ಮನೆಯ ಕೋಳಿಯನ್ನು ಕಾವಿಗೆ ಕೂರಿಸಿದಳು. ಮರಿಗಳಾದವು. ಅಂಗೈಯಲ್ಲಿ ನುಚ್ಚಿಟ್ಟು ತಿನ್ನಿಸಿದಳು. ಮಡಿಲಲ್ಲಿ ಮಲಗಿಸಿಕೊಂಡಳು. ಮಕ್ಕಳಿಲ್ಲದ ಕೊರಗು ಆ ದಿನಗಳಲ್ಲಿ ಅವಳಿಗೆ ಮರೆತೇ ಹೋಗಿತ್ತು.

ಒಂದು ದಿನ ಗಂಡಹೆಂಡತಿ ನೆಂಟರ ಮನೆಯ ನಾಮಕರಣಕ್ಕೆ ಹೋದರು. ಬಾತಿನ ಮರಿಗೆ ನೀರು ತೋರಿಸಿಕೊಡಬೇಕೆ? ಎಲ್ಲವೂ ಕೊಳಕ್ಕೆ ಧುಮುಕಿದವು. ದಣಿದ ಮೇಲೆ ಹತ್ತಲು ನೋಡಿದವು. ಚಾಚಿದ ಕಲ್ಲು ತಲೆಗೆ ತಾಗುತ್ತಿತ್ತು, ಕಾಲಿಗೆ ಏನೂ ಸಿಗುತ್ತಿರಲಿಲ್ಲ. ತಾಯಿಕೋಳಿ ಚಪ್ಪಡಿಯ ಮೇಲೆ ಕೂಗುತ್ತ ಓಡಿತು. ಅದು ಓಡಿದ ಕಡೆಗೆಲ್ಲ ಮರಿಗಳು ಕೆಳಗೆ ಈಜಿದವು. ಸುತ್ತಿದವು, ಸುತ್ತಿದವು. ಮೈಮೇಲಿನ ಎಳೆಯ ತುಪ್ಪಳ ನೆನೆದು ಭಾರವಾಯಿತು. ಹೇಳುವ ನನಗೇ ಸಂಕಟವಾಗುತ್ತದೆ.

ಸಂಜೆ ಅವರು ಬಂದಾಗ ಕೋಳಿ ಇನ್ನೂ ಸುತ್ತುತ್ತಿತ್ತು. ಅದರ ಗಂಟಲಲ್ಲಿ ದನಿ ಉಳಿದಿರಲಿಲ್ಲ. ಹೆಂಡತಿ ಚಪ್ಪಡಿಯ ಮೇಲೆ ಬೋರಲಾಗಿ ಮಲಗಿ, ಸತ್ತ ಮರಿಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಂಡಳು. ವ್ಯಾಪಾರಿಗೆ ಅಳು ತಡೆಯಲಾಗಲಿಲ್ಲ. "ನಿನಗೋಸ್ಕರ ಎಲ್ಲಕ್ಕಿಂತ ಒಳ್ಳೇ ಕಲ್ಲನ್ನೇ ತಂದಿದ್ದೆನಲ್ಲೇ," ಎಂದ.

"ಕಲ್ಲು ಚೆನ್ನಾಗೇ ಇದೆ," ಎಂದಳು ಅವಳು. "ಮೇಲೆ ನಿಂತು ನೋಡೋ ನಮಗೆ ಇದು ಅಂಚು. ನೀರಲ್ಲಿದ್ದ ಅವಕ್ಕೆ ಇದೇ ದಡ ಆಗಬೇಕಿತ್ತು."

ಗುರುಗಳು ಮಾತು ನಿಲ್ಲಿಸಿದರು. ಕರಿವೀರಪ್ಪನ ಮನಸ್ಸು ಇನ್ನೂ ಕೊಳದಲ್ಲೇ ಇತ್ತು. "ಪಾಪ, ಹತ್ತಲಾಗದು ಎಂದು ತಿಳಿದ ಮೇಲೂ ಆ ಮರಿಗಳು ಏಕೆ ಸುತ್ತುತ್ತಿದ್ದವು?" ಎಂದ.

"ಎಲ್ಲಾದರೂ ಕಾಲಿಡಲು ಒಂದು ಒರಟು ಜಾಗ ಇದ್ದೀತೆಂದು. ನಿನ್ನ ಮಗಳೂ ಬೀದಿಯ ತುದಿಯಲ್ಲಿ ನಿಂತು ಅದನ್ನೇ ಹುಡುಕಿದಳಪ್ಪ," ಎಂದರು ಗುರುಗಳು.