ಹೊಟ್ಟೆ ತುಂಬಿದ ಇದ್ದಿಲು

ಬಣ್ಣಗಾರರ ಕೇರಿಯ ತೂಬಿನಲ್ಲಿ, ಹರಿದು ಬರುವ ಬಣ್ಣದ ನೀರು ಸೋಸಲು ಇಟ್ಟ ತೆಂಗಿನ ಚಿಪ್ಪಿನ ಎರಡು ಇದ್ದಿಲುಗಳಿದ್ದವು, ಅಣ್ಣ ಮತ್ತು ತಮ್ಮ. ಅಣ್ಣನ ಹೊಟ್ಟೆಯ ತೂತುಗಳನ್ನೆಲ್ಲ ಬಿಚ್ಚಿ ಹಾಸಿದ್ದರೆ ಏಳೂರಿನ ಕಣ ಮುಚ್ಚಿ ಎಂಟನೆಯ ಊರಿಗೆ ನೆರಳಾಗುತ್ತಿತ್ತು. ಸುಳ್ಳೆನ್ನುವವರು ಅಳೆದು ನೋಡಲಿ. ಬಣ್ಣಗಾರರು ಎರಡನೇ ಸಲ ಸುಡಲು ಹೆಕ್ಕಿದಾಗ ಅವನು ಕಲ್ಲಿನ ಸಂದಿಯಲ್ಲಿ ಅಡಗಿದ್ದ. ತಮ್ಮ ಮಾತ್ರ ಹೋಗಿ, ಸುಟ್ಟು ಸೊರಗಿ, ಬಣ್ಣ ಒಡೆಯುವ ವಿದ್ಯೆ ಕಲಿತು ಬಂದಿದ್ದ.

ಒಂದು ದಿನ ಕಪ್ಪೆಯೊಂದು ಬಂದು ಅಂಗಲಾಚಿತು: "ಇದ್ದಿಲಣ್ಣಾ, ಕೆಳಗಿನ ಹೊಂಡದಲ್ಲಿ ನನ್ನ ಮರಿಗಳಿವೆ. ಈ ಬಣ್ಣದ ನೀರು ಇಳಿದರೆ ಒಂದೂ ಉಳಿಯದು."

"ಹೆದರಬೇಡ ತಾಯಿ, ಒಂದು ಹನಿ ಬಣ್ಣವನ್ನೂ ಬಿಡೆನು," ಎಂದ ಅಣ್ಣ. ಎರಡು ದಿನ ಬಂದದ್ದನ್ನೆಲ್ಲ ನುಂಗಿ ಅದುಮಿಟ್ಟುಕೊಂಡ. ತಮ್ಮನೋ, ಬಣ್ಣವನ್ನೂ ಗಾಳಿಯನ್ನೂ ತನ್ನ ಬಾಗಿಲಲ್ಲಿ ಎದುರುಬದುರು ನಿಲ್ಲಿಸುತ್ತಿದ್ದ. ಅವು ಜಟಾಪಟಿಗೆ ಬಿದ್ದು, ಬಣ್ಣ ಪುಡಿಪುಡಿಯಾಗಿ, ಬರೀ ನೀರು ಮುಂದೆ ಹೋಗುತ್ತಿತ್ತು.

"ನಿನಗೇನು ದಕ್ಕಿತೋ, ಛತ್ರದ ಬಾಗಿಲು ಕಾಯುವವನೇ?" ಎಂದು ಅಣ್ಣ ಗೇಲಿ ಮಾಡಿದ.

"ದಕ್ಕಿಸಿಕೊಳ್ಳಲು ಕೂತವನಲ್ಲಣ್ಣ ನಾನು."

ಮೂರನೆಯ ದಿನ ಕೆಂಪು ನೀರು ನುಗ್ಗಿತು. ಅಣ್ಣ ಬಾಯಿ ತೆರೆದ. ಒಳಗೆ ಸಾಸಿವೆ ಕಾಳಿಗೂ ಜಾಗವಿರಲಿಲ್ಲ. ಬಣ್ಣ ಅವನ ತಲೆಯ ಮೇಲೆ ಹಾದು ಓಡಿತು. "ಅಯ್ಯೋ, ನನ್ನ ಮಕ್ಕಳು!" ಎಂದು ಕಪ್ಪೆ ಎದೆ ಬಡಿದುಕೊಂಡಿತು.

"ಹಿಡಿಯೋ ತಮ್ಮಾ!" ಎಂದು ಅಣ್ಣ ಕೂಗಿದ.

"ಹಿಡಿಯುವುದಿಲ್ಲ, ಒಡೆದು ಬಿಡುತ್ತೇನೆ. ನೀನು ಬದಿಗೆ ಸರಿ, ಗಾಳಿ ಬರಲಿ."

ಹುಟ್ಟಿದ ಮೇಲೆ ಮೊದಲ ಸಲ ಅಣ್ಣ ಇನ್ನೊಬ್ಬರಿಗೆ ಜಾಗ ಬಿಟ್ಟ. ತಮ್ಮನ ಬಾಗಿಲು ದಾಟಿದ ನೀರು ತಿಳಿಯಾಗಿ ಹೊಂಡಕ್ಕಿಳಿಯಿತು. ಮರಿಗಳು ಬಾಲ ಕುಣಿಸಿದವು.

ಮರುದಿನ ಬಣ್ಣಗಾರರು ಇದ್ದಿಲು ಸುಡಲು ಹೆಕ್ಕುತ್ತ ಬಂದರು. ಅಣ್ಣ ಸಂದಿ ಹುಡುಕಲಿಲ್ಲ. ಯಾರೂ ಮುಟ್ಟುವ ಮುಂಚೆಯೇ ಉರುಳಿ ಹೋಗಿ ಅವರ ಬುಟ್ಟಿಯೊಳಗೆ ಬಿದ್ದ.