ಬದನೆ ಹೂವಿನ ಉಡಿ ಬಿಚ್ಚಿದ ದುಂಬಿ

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಜಾಗ ಹುಡುಕಿಕೊಂಡು ಆಗಷ್ಟೇ ಕುಳಿತಿದ್ದವು. ನದಿಗಳಿಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿದ್ದವು.

ಆಗ ಭೂಮಿತಾಯಿ ಒಂದೊಂದೇ ಹೂವನ್ನು ಕರೆದು, ತವರಿನಿಂದ ಹೊರಟ ಮಗಳಿಗೆ ತುಂಬುವಂತೆ, ಉಡಿಗೆ ಹಳದಿ ಹುಡಿ ತುಂಬಿದಳು. "ನಿಮ್ಮ ನಿಮ್ಮೊಳಗ ಹಂಚಿಕೊಳ್ರಿ. ಹಂಚಿದ್ರ ಕಾಯಿ, ಇಲ್ಲಾಂದ್ರ ಇಲ್ಲ" ಎಂದಳು.

ಹೂಗಳು ಉಡಿ ತೆರೆದುಕೊಂಡೇ ಕುಣಿಯುತ್ತ ಹೋದವು. ಗಾಳಿ ಅರ್ಧಕ್ಕರ್ಧ ಎತ್ತಿಕೊಂಡು ಹೋಯಿತು. ಅದನ್ನು ಕಂಡು ಬದನೆ ಹೂವಿಗೆ ಹೆದರಿಕೆಯಾಯಿತು. ಅದು ತನ್ನ ಹುಡಿಯನ್ನು ಪುಟ್ಟ ಪುಟ್ಟ ಹಳದಿ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ತುದಿಯಲ್ಲಿ ಸೂಜಿಮೊನೆಯಷ್ಟು ಕಿಂಡಿ ಬಿಟ್ಟು, ತಲೆ ತಗ್ಗಿಸಿ ನಿಂತಿತು.

ಮೊದಲ ತೋಟ ಮಾಡಿದವಳು ಕಲ್ಲವ್ವ. ಅವಳ ಬಳಿ ಇದ್ದದ್ದು ಒಂದೇ ಹಿಡಿ ಬದನೆ ಬೀಜ. ನಾಳೆಗೆಂದು ಎತ್ತಿಡುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಎಲ್ಲವನ್ನೂ ಬಿತ್ತಿಬಿಟ್ಟಳು. ಗಿಡ ಬಂತು, ಹೂ ಬಂತು. ಇನ್ನು ಕಾಯಿ ಬಾರದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಬದನೆ ಎಂಬುದೇ ಲೋಕದಲ್ಲಿ ಇಲ್ಲ.

ಬದುವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಅವಳು ತನ್ನ ಎಳೆಗೂಸನ್ನು ಮಲಗಿಸುತ್ತಿದ್ದಳು. ದುಂಬಿ ಗುಂಯ್ ಎಂದು ಬಂದಾಗಲೆಲ್ಲ ಕೂಸು ಬೆಚ್ಚಿ ಅಳುತ್ತಿತ್ತು.

"ಏ ಕರಿಯಾ, ಈಗರ ಕೂಸು ಕಣ್ಣ ಮುಚ್ಚೇತಿ. ಬರೂದಾದ್ರ ಬಾಯಿ ಮುಚ್ಕೊಂಡ ಬಾ!" ಎಂದು ಸೆರಗು ಬೀಸಿ ಗದರಿದಳು.

ದುಂಬಿ ಪಾಪದ ಪ್ರಾಣಿ. ಮಾತು ಮೀರುವುದು ಅದಕ್ಕೆ ಗೊತ್ತಿಲ್ಲ. ಮರುದಿನದಿಂದ ಹಾರುವುದನ್ನೇ ಬಿಟ್ಟು ಗಿಡದಿಂದ ಗಿಡಕ್ಕೆ ನಡೆದೇ ಬಂತು! ಹೂವಿಗೆ ಜೋತುಬಿದ್ದು, ಉಸಿರು ಬಿಗಿಹಿಡಿದು ಕುಳಿತು, ಬರಿಗೈಯಲ್ಲಿ ಇಳಿದು ಹೋಗುತ್ತಿತ್ತು.

ಹೂಗಳು ಕಾಯಿ ಕಟ್ಟದೆ ಉದುರತೊಡಗಿದವು. ಕಲ್ಲವ್ವ ಗಾಳಿಯನ್ನು ಕರೆದಳು. ಗಾಳಿ ಗಿಡವನ್ನು ಜಗ್ಗಾಡಿತು, ಚೀಲ ಬಿಚ್ಚಲಿಲ್ಲ. ಜೇನುಹುಳವನ್ನು ಕರೆದಳು. "ನನ್ನ ಕೈಲೆ ಆಗೂದಿಲ್ಲವ್ವ" ಎಂದು ಅದು ಹೊರಟೇ ಹೋಯಿತು. ತಾನೇ ಮುಳ್ಳು ತಂದು ಚುಚ್ಚಿದಳು; ಚೀಲ ಹರಿದು ಹೂವೇ ಬಾಡಿತು. ಕಲ್ಲವ್ವನಿಗೆ ಅಳು ಬಂತು.

ಕೊನೆಗೆ ಉಳಿದದ್ದು ಎರಡೇ ಹೂ. ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದಳು, "ಯವ್ವಾ, ನಿನಗ ಏನ ಬೇಕ ಹೇಳ."

"ಕಟ್ಟಿದಾಕಿ ನಾನ, ಆದ್ರ ಬಿಚ್ಚಾಕ ನನಗ ಬರೂದಿಲ್ಲ" ಎಂದಿತು ಒಂದು ಹೂವು. "ಮೈ ನಡುಗಿದ್ರ ಮಾತ್ರ ಹುಡಿ ಉದರತೈತಿ. ಆ ದುಂಬಿ ನನ್ನ ಹಿಡಕೊಂಡು ಗುಂಯ್ ಅಂದ್ರ ನಡುಕ ಬರತೈತಿ. ಈಗ ಅದು ಯಾಕೋ ಸುಮ್ಮನ ಐತಿ."

ಕಲ್ಲವ್ವನ ಮುಖ ಸಣ್ಣದಾಯಿತು. ಸುಮ್ಮನಿರಿಸಿದವಳು ತಾನೇ ಅಲ್ಲವೆ? ತನ್ನ ಕೂಸಿನ ನಿದ್ದೆಗಾಗಿ ಗಿಡದ ಕೂಸುಗಳನ್ನೆಲ್ಲ ಕಳೆದೆನಲ್ಲ ಎಂದು ನಾಚಿದಳು. ಬದುವಿನ ಮೇಲೆ ಮೆಲ್ಲಗೆ ನಡೆಯುತ್ತಿದ್ದ ದುಂಬಿಯ ಬಳಿಗೆ ಹೋದಳು.

"ತಪ್ಪಾತೋ ಎಪ್ಪಾ. ಇನ್ನ ದನಿ ತೆಗಿ."

"ಕೂಸು ಎದ್ದೀತಲ್ಲವ್ವ?" ಎಂದಿತು ದುಂಬಿ.

"ಎದ್ರ ನಾ ಎತ್ಕೋತೀನಿ."

ಆದರೂ ಗಟ್ಟಿಯಾಗಿ ದನಿ ತೆಗೆಯಲು ದುಂಬಿಗೆ ಮನಸ್ಸು ಒಪ್ಪಲಿಲ್ಲ. ಅದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಗಳನ್ನು ಬೆನ್ನಿಗೆ ಮಡಿಸಿ, ಎದೆಯೊಳಗೇ ಗುಂಯ್ ಎಂದಿತು. ಹೂವು ಅಡಿಯಿಂದ ಮುಡಿಯವರೆಗೆ ನಡುಗಿತು. ಕಿಂಡಿಗಳಿಂದ ಹುಡಿ ಜರಡಿ ಹಿಡಿದ ಹಿಟ್ಟಿನಂತೆ ಸುರಿದು ದುಂಬಿಯ ಹೊಟ್ಟೆಗೆ ಮೆತ್ತಿಕೊಂಡಿತು. ಹಾಗೇ ಇನ್ನೊಂದು ಹೂವಿಗೆ ಹೋಗಿ ಅಲ್ಲಿಯೂ ಗುಂಯ್ ಎಂದಿತು. ಕೂಸು ಒಮ್ಮೆ ಹೊರಳಿ ಮತ್ತೆ ಮಲಗಿತು.

ಎಂಟು ದಿನಕ್ಕೆ ಎರಡು ಮಿಡಿ ಕಂಡವು. ಬಾಯಲ್ಲಿ ನೀರೂರಿದರೂ ಕಲ್ಲವ್ವ ಎರಡನ್ನೂ ಬೀಜಕ್ಕೆ ಬಿಟ್ಟಳು.

ಬದನೆಯ ತಂಗಿ ಟೊಮೆಟೊ ಕೂಡ ಅಕ್ಕನನ್ನು ನೋಡಿ ಹಾಗೆಯೇ ಉಡಿ ಕಟ್ಟಿತು. ಅದಕ್ಕೇ ದೂರದ ದೇಶಗಳಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುವವರು ದುಂಬಿಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಹೂಗಳ ನಡುವೆ ಬಿಡುತ್ತಾರೆ. ನೀನೂ ಒಂದು ಬೆಳಿಗ್ಗೆ ಬದನೆ ಗಿಡದ ಹತ್ತಿರ ಸದ್ದು ಮಾಡದೆ ನಿಂತು ನೋಡು ಮಗೂ: ಹಾರಿ ಬಂದ ದುಂಬಿ ಹೂವನ್ನು ಹಿಡಿದ ಕೂಡಲೇ ರೆಕ್ಕೆ ಮಡಿಸಿ, ದನಿ ಬದಲಿಸಿ, ಇವತ್ತಿಗೂ ಎದೆಯೊಳಗೇ ಗುಂಯ್ ಎನ್ನುತ್ತದೆ.