ಮುಚ್ಚಿಹಾಕಿದ ಬಾವಿಗಳು

“ಗುರುಗಳೇ, ನನ್ನ ಮಗ ಯಾವ ಕೆಲಸಕ್ಕೂ ಕೈಹಾಕುವುದಿಲ್ಲ. ಎಲ್ಲಿ ಕೆಟ್ಟುಹೋದೀತೋ ಎಂದು ಹೆದರುತ್ತಾನೆ. ನಮ್ಮ ವಂಶದಲ್ಲಿ ಇಂಥ ಅಂಜುಬುರುಕರು ಯಾರೂ ಇರಲಿಲ್ಲ. ಅವನಿಗೆ ಈ ಭಯ ಎಲ್ಲಿಂದ ಬಂತು?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ. ಮಗನಿಗೆ ಹೇಳಿ ಹೇಳಿ ದಣಿದವನ ದನಿ ಅದು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಗುರುತು ಹಾಕಿದ ಕಡೆ ನೀರು ಬಾರದೆ ಹೋದದ್ದಿಲ್ಲ ಎಂದು ಹತ್ತೂರು ಹೇಳುತ್ತಿತ್ತು. ಅವನೂ ಅಲ್ಲವೆನ್ನುತ್ತಿರಲಿಲ್ಲ. ಮಗ ಪ್ರಾಯಕ್ಕೆ ಬಂದಾಗ ಅವನ ಕೈಗೆ ಹಾರೆ ಕೊಟ್ಟು, “ನಮ್ಮ ಮನೆಯವರು ಬರಿಯ ಗುಂಡಿ ತೋಡಿದವರಲ್ಲ. ಹೆಸರು ಉಳಿಸು” ಎಂದ.

ಮಗ ನೆರೆಯೂರಿನಲ್ಲಿ ತನ್ನ ಮೊದಲ ಬಾವಿಗೆ ಕೈಹಚ್ಚಿದ. ಇಪ್ಪತ್ತು ಮೊಳ ಇಳಿದರೂ ನೀರಿಲ್ಲ. ಮೂವತ್ತು ಮೊಳಕ್ಕೆ ಮರಳು ಸಿಕ್ಕಿತು. ಬದಿಯ ಮಣ್ಣು ಕಳಚಿ ಬೀಳತೊಡಗಿತು. ಆಳುಗಳು ಹೆದರಿ ಮೇಲೆ ಬಂದರು. ಮಗ ಬರಲಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಸಿದ ಬುತ್ತಿ ಬಿಚ್ಚದೆಯೇ ಮೇಲೆ ಬಂತು.

ಮರುದಿನ ತಂದೆ ಬಂದ. ಬಾವಿಯ ಸುತ್ತ ಊರೇ ನೆರೆದಿತ್ತು. ಅವನು ಬಗ್ಗಿ ನೋಡಿ, “ಸಾಕು, ಮೇಲೆ ಬಾ ಮಗನೇ” ಎಂದು ಕೂಗಿದ.

“ನೀರು ಬಂದ ಮೇಲೆ ಬರುತ್ತೇನೆ, ಅಪ್ಪಾ. ಬರಿಗೈಯಲ್ಲಿ ಬಂದು ನಿನಗೆ ಹೇಗೆ ಮುಖ ತೋರಿಸಲಿ?”

ಏನು ಹೇಳಿದರೆ ಮಗ ಬಂದಾನು ಎಂಬುದು ತಂದೆಗೆ ಗೊತ್ತಿತ್ತು. ಮೂವತ್ತು ವರ್ಷ ಹೆಂಡತಿಗೂ ಹೇಳದ ಮಾತು ಅದು. ಸುತ್ತ ಜನರಿದ್ದರು. ಅವನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟ. ಕೆಳಗೆ ಹಾರೆಯ ಸದ್ದು ಕೇಳುತ್ತಲೇ ಇತ್ತು. ಪೆಟ್ಟಿನಿಂದ ಪೆಟ್ಟಿಗೆ ಬಿಡುವು ಹೆಚ್ಚುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಬದಿಯೂ ಕುಸಿಯಿತು. ಆಗ ತಂದೆ ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದ:

“ನಿನ್ನ ವಯಸ್ಸಿನಲ್ಲಿ ನಾನು ಮೂರು ಬಾವಿ ತೋಡಿದೆ ಕಣೋ. ಮೂರರಲ್ಲೂ ನೀರು ಕಾಣಲಿಲ್ಲ. ಅವನ್ನು ಮುಚ್ಚಿ, ನಾಚಿಕೆಗೆ ಆ ಸೀಮೆಯನ್ನೇ ಬಿಟ್ಟು ಇಲ್ಲಿಗೆ ಬಂದವನು ನಾನು.”

ಹಾರೆಯ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಹಗ್ಗ ಅಲುಗಿತು. ಮೇಲೆ ಬಂದ ಮಗನ ಅಂಗೈಗಳು ಒಡೆದು ರಕ್ತ ಒಸರುತ್ತಿತ್ತು. “ಇದನ್ನು ಮೊದಲೇ ಏಕೆ ಹೇಳಲಿಲ್ಲ?” ಎಂದಷ್ಟೇ ಕೇಳಿದ. ಇಬ್ಬರೂ ಸೇರಿ ಗುಂಡಿ ಮುಚ್ಚಿ ಮನೆಗೆ ನಡೆದರು.

ಆಮೇಲೆ ಅವರನ್ನು ಕರೆಯುವ ಊರುಗಳು ಕಡಿಮೆಯಾದವು. ಮರುವರ್ಷ ಮಗ ತೋಡಿದ ಬಾವಿಯಲ್ಲಿ ಬಂದದ್ದು ಉಪ್ಪುನೀರು. ಅವನು ಮನೆಗೆ ಬಂದು ಅದನ್ನು ತಾನಾಗಿಯೇ ಹೇಳಿ, ಕೈಕಾಲು ತೊಳೆದು ಊಟಕ್ಕೆ ಕುಳಿತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಪಾಪ, ಆ ತಂದೆ ನಾಲ್ಕು ಜನರೆದುರು ಮರ್ಯಾದೆ ಕಳೆದುಕೊಳ್ಳಬೇಕಾಯಿತು” ಎಂದ ಕೊಟ್ರಯ್ಯ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಕೊಟ್ರಯ್ಯ, ನೀನು ಸೋತದ್ದನ್ನು ನಿನ್ನ ಮಗ ಒಮ್ಮೆಯಾದರೂ ಕಂಡಿದ್ದಾನೆಯೇ?”